ಒಂದು ಕಾಲು, ಒಂದು ಕೀಲು

ಯಾವ ಕಾಲೇಜಿನ ವಾರ್ಷಿಕ ಸಂಚಿಕೆಯನ್ನಾದರೂ ಕೈಗೆತ್ತಿಕೊಂಡು ಕ್ರೀಡೆಗೆ ಮೀಸಲಾದ ಪುಟಗಳನ್ನು ತಿರುವಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿ ಆಟಗಾರರು ಇದ್ದಾರೆ, ಆಟ ಇಲ್ಲ. ಹಿಂದಿನ ಸಾಲಿನಲ್ಲಿ ನಿಂತವರು, ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತವರು, ನಡುವೆ ಪ್ರಾಂಶುಪಾಲರು, ಕಾಲ ಬಳಿ ಗೆದ್ದು ತಂದ ಬಟ್ಟಲು. ಎಲ್ಲರ ಕೈಯೂ ಮೊಣಕಾಲಿನ ಮೇಲೆ, ಎಲ್ಲರ ದೃಷ್ಟಿಯೂ ಕ್ಯಾಮೆರಾದ ಕಡೆಗೆ. ಇವರು ಹಾಕಿ ಆಡಿದರೋ, ವಾಲಿಬಾಲ್ ಆಡಿದರೋ, ಚರ್ಚಾಸ್ಪರ್ಧೆಯಲ್ಲಿ ಗೆದ್ದರೋ ಎಂಬುದನ್ನು ತಿಳಿಯಬೇಕಾದರೆ ಕೆಳಗಿನ ಸಾಲನ್ನೇ ಓದಬೇಕು. ಆಟ ಎಂಬುದು ಚಲನೆ. ಆ ಚಲನೆಯೇ ಚಿತ್ರದಿಂದ ಜಾರಿಹೋದ ಮೇಲೆ ಉಳಿಯುವುದು ಹಾಜರಿ ಪಟ್ಟಿ ಮಾತ್ರ.

ಬೇರೆ ಜಿಲ್ಲೆಯವರಿಗೆ ಇದು ಸಣ್ಣ ಕೊರತೆಯಾಗಿ ಕಂಡೀತು. ಕೊಡಗಿನವರಿಗೆ ಹಾಗೆ ಕಾಣಲಾಗದು. 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್, 1975ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿದ್ದ ಬಿ. ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ, ಇವರೆಲ್ಲ ಈ ಮಣ್ಣಿನವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಒಕ್ಕಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಜರುಗಿದ ಕುಂಡ್ಯೋಳಂಡ ಕಪ್ಪಿನ ಹೊತ್ತಿಗೆ ತಂಡಗಳ ಸಂಖ್ಯೆ 360ಕ್ಕೆ ಏರಿತ್ತು. ಅಜ್ಜ, ಮಗ, ಸೊಸೆ, ಮೊಮ್ಮಗಳು ಒಂದೇ ಒಕ್ಕದ ಹೆಸರಿನಲ್ಲಿ ಒಂದೇ ಮೈದಾನಕ್ಕೆ ಇಳಿಯುವ ಇಂಥ ಪಂದ್ಯಾವಳಿ ಜಗತ್ತಿನಲ್ಲಿ ಇನ್ನೆಲ್ಲಿದೆ? ಆದರೂ ಆ ಅಜ್ಜ ಚೆಂಡನ್ನು ತಡೆದ ಭಂಗಿಯ ಒಂದು ಚಿತ್ರ ಎಷ್ಟು ಐನ್‌ಮನೆಗಳ ಗೋಡೆಯ ಮೇಲೆ ತೂಗುತ್ತಿದೆ ಎಂದು ವಾಚಕರು ತಮ್ಮ ತಮ್ಮ ನೆಂಟರಿಷ್ಟರ ಮನೆಗಳನ್ನು ನೆನೆದು ತಾವೇ ಉತ್ತರಿಸಿಕೊಳ್ಳಲಿ.

ಚಲನೆಯ ಚಿತ್ರ ಏಕೆ ಸಿಕ್ಕುವುದಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: 'ನಮ್ಮಲ್ಲಿ ದೊಡ್ಡ ಲೆನ್ಸ್ ಇಲ್ಲ.' ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಇಲ್ಲಿ ಪೂರ್ತಿಯಾಗಿ ಅನ್ವಯಿಸಲಾಗದು. ದೂರದ ಆಟಕ್ಕೆ ಉದ್ದ ಲೆನ್ಸ್ ಬೇಕೇ ಬೇಕು. ಆದರೆ ಲೆನ್ಸ್ ಇದ್ದವರೂ ಚಿತ್ರ ತರುವುದಿಲ್ಲವಲ್ಲ, ಅದಕ್ಕೇನು ಕಾರಣ? ನನ್ನ ಅಭಿಪ್ರಾಯದಲ್ಲಿ ಕಾರಣ ಇರುವುದು ಕಣ್ಣಿನಲ್ಲೂ ಅಲ್ಲ, ಗಾಜಿನಲ್ಲೂ ಅಲ್ಲ, ತೋಳಿನಲ್ಲಿ. ಇಂದು ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ 150ರಿಂದ 600 ಮಿಲಿಮೀಟರಿನ ಲೆನ್ಸುಗಳು ಸುಮಾರು 2 ಕಿಲೋಗ್ರಾಂ ತೂಗುತ್ತವೆ. ಅದಕ್ಕೆ ಕ್ಯಾಮೆರಾದ ತೂಕ ಬೇರೆ. ಅಂತಾರಾಷ್ಟ್ರೀಯ ಹಾಕಿ ಪಂದ್ಯ ಈಗ 15 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಅಷ್ಟು ಹೊತ್ತು ಅಷ್ಟು ಭಾರವನ್ನು ಕಣ್ಣಿನ ಮಟ್ಟದಲ್ಲಿ ಎತ್ತಿ ಹಿಡಿದು ನಿಲ್ಲುವವರು ಯಾರು? ಹತ್ತು ನಿಮಿಷಕ್ಕೆ ಕೈ ಇಳಿಯುತ್ತದೆ. ಗೋಲು ಬೀಳುವುದು ಕೈ ಇಳಿದಾಗಲೇ.

ಈ ತೊಂದರೆಗೆ ಪರಿಹಾರವೇ ಒಂಟಿಕಾಲಿನ ಆಧಾರ, ಎಂದರೆ ಮಾನೋಪಾಡ್. ಅದು ಒಂದರೊಳಗೊಂದು ಸರಿದು ಕೂಡುವ ಕೊಳವೆಗಳ ಒಂದು ಕೋಲು. ಮೇಲ್ತುದಿಯಲ್ಲಿ ಒಂದು ತಿರುಪು, ಕೆಳತುದಿಯಲ್ಲಿ ಒಂದು ರಬ್ಬರಿನ ಪಾದ. ಇಷ್ಟೇ. ಇದರ ಕಲ್ಪನೆ ಹೊಸತೇನಲ್ಲ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಯೂರೋಪಿನ ಸಿಪಾಯಿಗಳು ತಮ್ಮ ಭಾರವಾದ ಮಸ್ಕೆಟ್ ಬಂದೂಕನ್ನು ಕವಲುಳ್ಳ ಒಂದು ಕೋಲಿನ ಮೇಲೆ ಇಟ್ಟು ಗುರಿ ಹಿಡಿಯುತ್ತಿದ್ದರು. ಕೋವಿಯ ನಾಡಾದ ಕೊಡಗಿನಲ್ಲಿ ಆಸರೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅಗತ್ಯ. ಮಾನೋಪಾಡ್ ಇದ್ದರೆ ಓಡುವವನು ನಿಂತಂತೆ ಕಾಣುತ್ತಾನೆ ಎಂದು ಕೆಲವರು ತಿಳಿದಿದ್ದಾರೆ. ಓಟವನ್ನು ನಿಲ್ಲಿಸುವುದು ಷಟರಿನ ಕೆಲಸ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದ ಹಾಕಿ ಚೆಂಡು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಷಟರು 1/250 ಸೆಕೆಂಡು ತೆರೆದಿದ್ದರೆ ಆ ಅವಧಿಯಲ್ಲಿ ಅದು 11 ಸೆಂಟಿಮೀಟರ್ ಸರಿದಿರುತ್ತದೆ. ಚೆಂಡಿನ ವ್ಯಾಸ 7 ಸೆಂಟಿಮೀಟರಿಗಿಂತ ತುಸು ಹೆಚ್ಚು. ಆದುದರಿಂದ ಚಿತ್ರದಲ್ಲಿ ಬರುವುದು ಚೆಂಡಲ್ಲ, ಒಂದು ಬಿಳಿಯ ಗೀರು. 1/1000 ಸೆಕೆಂಡಿಗೆ ಇಳಿಸಿದರೆ ಸರಿತ 3 ಸೆಂಟಿಮೀಟರಿಗಿಂತ ಕಡಮೆಯಾಗಿ ಚೆಂಡು ಚೆಂಡಾಗಿ ಕಾಣುತ್ತದೆ. ಕೋಲು ಮಾಡುವ ಉಪಕಾರ ಬೇರೆ. ಅದು ಭಾರವನ್ನು ನೆಲಕ್ಕೆ ದಾಟಿಸುತ್ತದೆ. ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸದಂತೆ ತಡೆಯುತ್ತದೆ. ಛಾಯಾಗ್ರಾಹಕನನ್ನು ಕೊನೆಯ ನಿಮಿಷದವರೆಗೂ ಎಚ್ಚರವಾಗಿ ಇಡುತ್ತದೆ. ಮಳೆಮೋಡ ಕವಿದ ಸಂಜೆಯಲ್ಲಿ ಷಟರಿನ ವೇಗವನ್ನು ತಗ್ಗಿಸಲೇಬೇಕಾಗಿ ಬಂದಾಗ ಕೈಯ ನಡುಕವಾದರೂ ಚಿತ್ರವನ್ನು ಕೆಡಿಸದಂತೆ ನೋಡಿಕೊಳ್ಳುತ್ತದೆ. 400 ಮಿಲಿಮೀಟರ್ ಲೆನ್ಸನ್ನು ಬರಿಗೈಯಲ್ಲಿ ಹಿಡಿದಾಗ 1/400 ಸೆಕೆಂಡಿಗಿಂತ ನಿಧಾನವಾಗಿ ತೆಗೆಯಬಾರದೆಂಬ ಹಳೆಯ ಸೂತ್ರವನ್ನು ಆಗ ಒಂದಿಷ್ಟು ಸಡಿಲಿಸಬಹುದು.

ಇಲ್ಲಿಯವರೆಗೆ ಹೆಚ್ಚು ಜನ ಒಪ್ಪಿಯಾರು. ಭಿನ್ನಾಭಿಪ್ರಾಯ ಆರಂಭವಾಗುವುದು ಇದರ ಮುಂದೆ. ಕೋಲಿನ ತಿರುಪನ್ನು ನೇರವಾಗಿ ಲೆನ್ಸಿನ ಪಾದಕ್ಕೆ ಬಿಗಿದರೆ ಸಾಕು, ಮಧ್ಯೆ ಇನ್ನೊಂದು ಅಂಗವೇಕೆ ಎಂದು ವಾದಿಸುವ ಅನುಭವಿಗಳಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಸಮತಟ್ಟಾದ ಮೈದಾನದ ಅಂಚಿನಲ್ಲಿ ನಿಂತು ದೂರದ ಆಟವನ್ನು ನೋಡುವವನ ದೃಷ್ಟಿ ಹೆಚ್ಚು ಏರಿಳಿಯುವುದಿಲ್ಲ. ಆಟ ಎಡಕ್ಕೆ ಹೋದರೆ ಕೋಲನ್ನು ಎಡಕ್ಕೆ ತಿರುಗಿಸಿದರಾಯಿತು. ಒಂದು ಕೀಲು ಕಡಮೆಯಾದರೆ ಸಡಿಲವಾಗುವ ಜಾಗವೂ ಒಂದು ಕಡಮೆ.

ಆದರೆ ನಮ್ಮ ಊರುಗಳಲ್ಲಿ ಸಮತಟ್ಟು ಎಂಬುದೇ ಅಪರೂಪ. ಎಷ್ಟೋ ಮೈದಾನಗಳು ಗುಡ್ಡದ ಮಗ್ಗುಲನ್ನು ಕಡಿದು ಮಾಡಿದವು; ನೋಡುವವರು ಮೇಲಿನ ದಿಬ್ಬದಲ್ಲಿ, ಆಡುವವರು ಕೆಳಗೆ. ತಲೆಯಿಲ್ಲದ ಕೋಲಿನಿಂದ ಕೆಳಗೆ ನೋಡಬೇಕಾದರೆ ಕೋಲನ್ನೇ ಮುಂದಕ್ಕೆ ವಾಲಿಸಬೇಕು. ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿದ್ದು ಕೋಲನ್ನು ಕೇವಲ 10 ಡಿಗ್ರಿ ವಾಲಿಸಿದರೆ ಅದರ ತುದಿ 28 ಸೆಂಟಿಮೀಟರ್ ಮುಂದೆ ಸರಿಯುತ್ತದೆ. 15 ಡಿಗ್ರಿಯಾದರೆ 41 ಸೆಂಟಿಮೀಟರ್. ಕಣ್ಣು ಕ್ಯಾಮೆರಾಕ್ಕೆ ಅಂಟಿಕೊಂಡಿರಬೇಕಾದ್ದರಿಂದ ಮೈಯೂ ಅಷ್ಟು ದೂರ ಹಿಂಬಾಲಿಸಬೇಕು. ಮೈ ವಾಲಿದೊಡನೆ ಸಮತೋಲ ತಪ್ಪುತ್ತದೆ. ಯಾವ ಸ್ಥಿರತೆಗಾಗಿ ಕೋಲನ್ನು ತಂದೆವೋ ಅದೇ ಮಾಯವಾಗುತ್ತದೆ. ಕೋಲಿನ ತುದಿಗೂ ಲೆನ್ಸಿಗೂ ನಡುವೆ ಬಾಗುವ ತಲೆಯೊಂದು ಇದ್ದರೆ ಕೋಲು ನೆಟ್ಟಗೆ ನಿಂತಿರುತ್ತದೆ, ಛಾಯಾಗ್ರಾಹಕನೂ ನೆಟ್ಟಗೆ ನಿಂತಿರುತ್ತಾನೆ, ಬಾಗುವುದು ಲೆನ್ಸ್ ಮಾತ್ರ.

ಕೈಲ್‌ಪೊಳ್ದಿನ ತೆಂಗಿನಕಾಯಿ ಗುರಿಯನ್ನು ನೆನೆದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಎತ್ತರದ ಮರದ ತುದಿಯಲ್ಲಿ ಕಟ್ಟಿದ ಕಾಯಿ ಒಡೆಯುವ ಕ್ಷಣವನ್ನು ಹಿಡಿಯಬೇಕು. ಕಾಯಿ 20 ಮೀಟರ್ ಎತ್ತರದಲ್ಲಿದೆ, ನಾವು ಬುಡದಿಂದ 30 ಮೀಟರ್ ದೂರದಲ್ಲಿದ್ದೇವೆ ಎಂದುಕೊಂಡರೆ ದೃಷ್ಟಿಯನ್ನು 30 ಡಿಗ್ರಿಗೂ ಮೇಲೆ ಎತ್ತಬೇಕಾಗುತ್ತದೆ. ತಲೆಯಿಲ್ಲದ ಕೋಲನ್ನು ಅಷ್ಟು ಹಿಂದಕ್ಕೆ ವಾಲಿಸಿದವನು ಕಾಯಿಗಿಂತ ಮೊದಲು ತಾನೇ ನೆಲಕ್ಕೆ ಬಿದ್ದಾನು.

ಹಾಗಾದರೆ ಎಂಥ ತಲೆ? ಅಂಗಡಿಯವರು ಮೊದಲು ತೋರಿಸುವುದು ಗುಂಡುತಲೆಯನ್ನು. ಅದು ಎಲ್ಲ ದಿಕ್ಕಿಗೂ ಹೊರಳುತ್ತದೆ. ಅದರ ದೋಷವೂ ಅದೇ. ಸ್ವಲ್ಪ ಸಡಿಲಿಸಿದರೆ ಭಾರವಾದ ಲೆನ್ಸ್ ಪಕ್ಕಕ್ಕೆ ಧೊಪ್ಪನೆ ಒರಗುತ್ತದೆ, ಮೈದಾನವೇ ಓರೆಯಾಗುತ್ತದೆ. ನಮಗೆ ಬೇಕಾದ ಚಲನೆಗಳು ಮೂರು. ಎಡಬಲದ ತಿರುಗಾಟವನ್ನು ಕೋಲೇ ಕೊಡುತ್ತದೆ. ಅಡ್ಡ ಚಿತ್ರವನ್ನು ಉದ್ದ ಚಿತ್ರವಾಗಿಸುವ ಹೊರಳನ್ನು ಲೆನ್ಸಿನ ಕೊರಳಪಟ್ಟಿ ಕೊಡುತ್ತದೆ. ಉಳಿದುದು ಮೇಲೆ ಕೆಳಗೆ ಬಾಗುವ ಒಂದೇ ಚಲನೆ. ಒಂದೇ ದಿಕ್ಕಿಗೆ ಬಾಗುವ ಸರಳ ತಲೆ ಅದಕ್ಕೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಕೆಲಸವನ್ನು ಹಂಚಿದ ಮನೆಯಲ್ಲಿ ಗದ್ದಲವಿರುವುದಿಲ್ಲ. ಇಂಥ ತಲೆಯ ತೂಕ ಕಾಲು ಕಿಲೋಗ್ರಾಮಿನ ಆಸುಪಾಸು. ಕೊಳ್ಳುವಾಗ ಅದು ಲೆನ್ಸಿನ ಉದ್ದಕ್ಕೆ ಸರಿಯಾಗಿ ಬಾಗುತ್ತದೆಯೇ, ಅಡ್ಡಡ್ಡ ಬಾಗುತ್ತದೆಯೇ ಎಂದು ಪರೀಕ್ಷಿಸಿ ಜೋಡಿಸಿಕೊಳ್ಳಬೇಕು. ತಿರುಪುಗಳಲ್ಲಿ ಕಾಲಂಗುಲದ್ದು, ಎಂಟರಲ್ಲಿ ಮೂರಂಗುಲದ್ದು ಎಂದು ಎರಡು ಅಳತೆಗಳಿವೆ. ಒಂದರಿಂದ ಇನ್ನೊಂದಕ್ಕೆ ಕೂಡಿಸುವ ಪುಟ್ಟ ಬಳೆಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಬಳಸುವ ಕ್ರಮವೂ ಕಠಿನವಲ್ಲ. ಕೋಲಿನ ಪಾದವನ್ನು ಸ್ವಲ್ಪ ಮುಂದೆ ಊರಿ, ಎರಡು ಕಾಲುಗಳನ್ನು ಅಗಲಿಸಿ ನಿಂತರೆ ಕೋಲೂ ಕಾಲುಗಳೂ ಸೇರಿ ಮೂರು ಕಾಲಿನ ಪೀಠವಾಗುತ್ತದೆ. ಮೈಯ ಭಾರವನ್ನು ತುಸು ಕೋಲಿನ ಮೇಲೆ ಬಿಡಬೇಕು. ತಲೆಯ ಬಿಗಿಯನ್ನು ಪೂರ್ತಿ ಬಿಡಬಾರದು, ಪೂರ್ತಿ ಬಿಗಿಯಲೂಬಾರದು. ಕೈ ಸರಿಸಿದರೆ ಸರಿಯಬೇಕು, ಕೈ ಬಿಟ್ಟರೆ ನಿಲ್ಲಬೇಕು. ನಡೆದು ಹೋಗುವಾಗ ಮಾತ್ರ ಬಿಗಿಯಲೇಬೇಕು. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೋ ಹೆಗಲಿಗೋ ಹಾಕಿಕೊಂಡೇ ಇರಬೇಕು, ಏಕೆಂದರೆ ಒಂಟಿಕಾಲು ತಾನಾಗಿ ಎಂದೂ ನಿಲ್ಲುವುದಿಲ್ಲ. ಕೆಸರು ಮೈದಾನಕ್ಕೆ ಮೊನೆಯುಳ್ಳ ಪಾದ ಒಪ್ಪುತ್ತದೆ. ಕೃತಕ ಹುಲ್ಲಿನ ಮೈದಾನದಲ್ಲಿ ಅದನ್ನು ಊರುವುದು ಅಪರಾಧವೇ ಸರಿ; ಅಲ್ಲಿ ರಬ್ಬರೇ ಆಗಬೇಕು.

ಈಗ ಆಕ್ಷೇಪಗಳನ್ನು ನೋಡೋಣ. ಇಂದಿನ ಲೆನ್ಸುಗಳಲ್ಲಿ ಅದುರನ್ನು ತಡೆಯುವ ಯಂತ್ರ ಒಳಗೇ ಇದೆ, ಕೋಲಿನ ಕಾಲ ಮುಗಿಯಿತು ಎನ್ನುವವರುಂಟು. ಮಸ್ಕೆಟ್ ಹಗುರವಾದ ಮೇಲೆ ಕವಲುಕೋಲು ಹೋದದ್ದು ನಿಜ. ಆದರೆ ಆ ಯಂತ್ರ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ತೋಳಿನ ದಣಿವನ್ನು ತಡೆಯುವುದಿಲ್ಲ. ಇನ್ನು ಮೂರು ಕಾಲಿನ ಟ್ರೈಪಾಡ್ ಇದಕ್ಕಿಂತ ಸ್ಥಿರವಲ್ಲವೇ ಎಂಬ ಪ್ರಶ್ನೆ. ಸ್ಥಿರವೇ ಹೌದು, ಬೆಟ್ಟದ ಚಿತ್ರಕ್ಕೂ ಗುಂಪಿನ ಚಿತ್ರಕ್ಕೂ ಅದೇ ಆಗಬೇಕು. ಆದರೆ ಚೆಂಡು ಗೆರೆ ದಾಟಿ ನಮ್ಮ ಕಡೆಗೇ ನುಗ್ಗಿ ಬಂದಾಗ, ಅದರ ಹಿಂದೆ ಆಟಗಾರ್ತಿಯೊಬ್ಬಳು ಓಡಿ ಬಂದಾಗ, ಟ್ರೈಪಾಡನ್ನು ಮಡಿಸುವಷ್ಟು ಪುರಸೊತ್ತು ಎಲ್ಲಿದೆ? ಒಂಟಿಕಾಲಿಗೆ ಬೇಕಾದದ್ದು ಒಂದು ರೂಪಾಯಿ ನಾಣ್ಯದಷ್ಟು ನೆಲ. ಎತ್ತಿಕೊಂಡು ಪಕ್ಕಕ್ಕೆ ಸರಿಯಲು ಒಂದು ಹೆಜ್ಜೆ.

ಎಲ್ಲ ಕಡೆಗೂ ಇದೇ ರಾಮಬಾಣವೆಂದು ಹೇಳುತ್ತಿಲ್ಲ. ತಲೆಯ ಮೇಲೆ ಹಾರಿಹೋಗುವ ಮಂಗಟ್ಟೆ ಹಕ್ಕಿಯನ್ನು ಹಿಂಬಾಲಿಸಲು ಬರಿಗೈಯೇ ಲೇಸು. ನಾಗರಹೊಳೆಯ ಸಫಾರಿ ಜೀಪಿನಲ್ಲಿ ಕೋಲನ್ನು ಊರಿದರೆ ವಾಹನದ ಅದುರೆಲ್ಲ ಲೆನ್ಸಿಗೆ ಏರುತ್ತದೆ. ಅಲ್ಲಿ ಕಿಟಕಿಯ ಮೇಲೆ ಇಡುವ ಬೀಜ ತುಂಬಿದ ಚೀಲವೇ ಉತ್ತಮ. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಎಂ. ವೈ. ಘೋರ್ಪಡೆಯವರಂಥ ಕರ್ನಾಟಕದ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಹೆಸರು ಪಡೆದದ್ದು ಸಲಕರಣೆಯ ಬಲದಿಂದಲ್ಲ, ತಾಳ್ಮೆಯ ಬಲದಿಂದ. ಆಸರೆಯ ನಿಜವಾದ ಪ್ರಯೋಜನವೂ ತಾಳ್ಮೆಯನ್ನು ಉದ್ದಗೊಳಿಸುವುದೇ ಆಗಿದೆ.

ಹುಣಸೂರಿನಿಂದ ಬರುವ ದಾರಿ ಆನೆಚೌಕೂರಿನ ಕಾಡನ್ನು ಹಾದು, ಮತ್ತಿಗೋಡು ಆನೆ ಶಿಬಿರವನ್ನು ದಾಟಿ ತಿತಿಮತಿಗೆ ಸೇರುತ್ತದೆ. ಈ ದಾರಿಯ ಪಕ್ಕದಲ್ಲಿ ಕಾಡಾನೆ ಕಂಡರೆ ಸಾಕು, ಕಾರುಗಳು ನಿಲ್ಲುತ್ತವೆ. ಮೊಬೈಲ್ ಹಿಡಿದ ಕೈಗಳು ಚಾಚುತ್ತವೆ. ಕೆಲವು ಬಾರಿ ಕಾಲುಗಳೂ ಕೆಳಗಿಳಿಯುತ್ತವೆ. ಇದು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಹತ್ತಿರ ಹೋಗುವುದೇ ಒಳ್ಳೆಯ ಚಿತ್ರದ ಗುಟ್ಟೆಂಬ ತಪ್ಪು ತಿಳುವಳಿಕೆಯಿಂದ ಆನೆಗೂ ಹಿಂಸೆ, ಮನುಷ್ಯನಿಗೂ ಅಪಾಯ. ದೂರದಲ್ಲಿ ನೆಲೆ ನಿಂತು, ಅನುಮತಿಯಿರುವ ಜಾಗದಲ್ಲಿ, ಉದ್ದ ಲೆನ್ಸಿಗೆ ಆಸರೆ ಕೊಟ್ಟು ಕಾಯುವುದನ್ನು ಕಲಿತವನಿಗೆ ಹತ್ತಿರ ಓಡುವ ಚಪಲ ತಾನಾಗಿ ಇಳಿಯುತ್ತದೆ. ಶಿಬಿರದಲ್ಲಿ ಕೂಡ ಹೀಗೆಯೇ. 2020ರಿಂದ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಮತ್ತಿಗೋಡಿನ ಆನೆ ಎಂಬುದನ್ನು ನಾಡೆಲ್ಲ ಬಲ್ಲದು. ಆ ಆನೆಗಳನ್ನು ಪಳಗಿಸಿ ನಡೆಸುವ ಜೇನುಕುರುಬ ಮಾವುತರ, ಕಾವಾಡಿಗರ ಕೆಲಸವನ್ನು ಎಷ್ಟು ಚಿತ್ರಗಳು ತೋರಿಸಿವೆ? ಆನೆಯ ಕಿವಿಯ ಹಿಂದೆ ಮಾವುತನ ಕಾಲ್ಬೆರಳು ಒತ್ತುವ ಒಂದು ಕ್ಷಣದಲ್ಲಿ ಅವನ ವಿದ್ಯೆಯೆಲ್ಲ ಅಡಗಿದೆ. ಕೆಳಗೆ ನೀರಿನಲ್ಲಿರುವ ಸೊಂಡಿಲಿನಿಂದ ಮೇಲೆ ಕುಳಿತ ಆ ಕಾಲಿನವರೆಗೆ ದೃಷ್ಟಿ ಒಂದೇ ಸರಾಗದಲ್ಲಿ ಏರಬೇಕಾದರೆ ಬಾಗುವ ತಲೆ ಬೇಕು. ಅದನ್ನು ಗಮನಿಸಬೇಕಾದರೆ ಮಾವುತನೂ ಚಿತ್ರಕ್ಕೆ ಯೋಗ್ಯನೆಂಬ ಬುದ್ಧಿ ಬೇಕು.

ದೇವರಪುರದ ಕುಂಡೆ ಹಬ್ಬದ ಮಾತನ್ನೂ ಇಲ್ಲಿ ಹೇಳಬೇಕು. ಪ್ರತಿವರ್ಷ ಮೇ ತಿಂಗಳಲ್ಲಿ ಜೇನುಕುರುಬ, ಯರವ ಮೊದಲಾದ ಸಮುದಾಯದವರು ವೇಷ ತೊಟ್ಟು, ಕುಣಿದು, ದೇವರನ್ನೇ ಬೈದು ತಮ್ಮ ಮನಸ್ಸನ್ನು ಹಗುರ ಮಾಡಿಕೊಳ್ಳುವ ಹಬ್ಬವಿದು. ಬೈಗುಳ ಕೇಳಿ ನಗಲೆಂದೇ ಕ್ಯಾಮೆರಾ ಹೊತ್ತು ಬರುವವರೂ ಇದ್ದಾರೆ. ಕುಣಿಯುವವರ ಮುಖಕ್ಕೆ ಮೊಬೈಲ್ ಒಡ್ಡಿ ಕುಣಿತವನ್ನೇ ತಡೆಯುವುದು ಸೌಜನ್ಯವಲ್ಲ. ಮರೆಯಲ್ಲಿ ಅಡಗಿ ಕದ್ದು ತೆಗೆಯುವುದೂ ಸೌಜನ್ಯವಲ್ಲ. ಕೋಲನ್ನು ಊರಿ ಎಲ್ಲರಿಗೂ ಕಾಣುವಂತೆ ಒಂದೆಡೆ ನಿಂತವನು ತಾನು ಏನು ಮಾಡುತ್ತಿದ್ದೇನೆಂಬುದನ್ನು ಮುಚ್ಚಿಡುವುದಿಲ್ಲ. ಬೇಡವೆಂದವರ ಚಿತ್ರವನ್ನು ಬಿಡುವುದಕ್ಕೂ, ಬೇಕೆಂದವರಿಗೆ ಒಂದು ಪ್ರತಿ ಕೊಡುವುದಕ್ಕೂ ಅವನಿಗೆ ಅವಕಾಶವಿರುತ್ತದೆ. ಕಿಕ್ಕಿರಿದ ಜಾಗದಲ್ಲಿ ಅದೇ ಕೋಲಿನಿಂದ ಜನರನ್ನು ತಳ್ಳುವವನು ಮಾತ್ರ ಮನೆಯಲ್ಲಿ ಉಳಿಯುವುದೇ ಒಳ್ಳೆಯದು.

ಹಣದ ಪ್ರಶ್ನೆ ಉಳಿದಿದೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಲೆನ್ಸೇ ಕನಸಾಗಿರುವಾಗ ಈ ಚರ್ಚೆ ಏಕೆಂದು ಕೇಳಬಹುದು. ಆದರೆ ಉದ್ದ ಲೆನ್ಸಿನ ಬೆಲೆಯ ಮುಂದೆ ಕೋಲೂ ತಲೆಯೂ ಸೇರಿದ ಬೆಲೆ ಸಣ್ಣದು. ಅದೂ ಕೈಗೆಟುಕದಿದ್ದರೆ ಟ್ರೈಪಾಡಿನ ಮೂರು ಕಾಲುಗಳನ್ನೂ ಕೂಡಿಸಿ ಒಂದು ಕಾಲಾಗಿ ಬಳಸಬಹುದು. ಹೆಚ್ಚಿನ ಟ್ರೈಪಾಡುಗಳಲ್ಲಿ ಬಾಗುವ ತಲೆ ಇದ್ದೇ ಇರುತ್ತದೆ. ಅದೂ ಇಲ್ಲದಿದ್ದರೆ ಕಾಲಂಗುಲದ ಒಂದು ತಿರುಪನ್ನು ಕ್ಯಾಮೆರಾದ ತಳಕ್ಕೆ ಹಾಕಿ, ಅದಕ್ಕೆ ಗಟ್ಟಿ ದಾರ ಕಟ್ಟಿ, ದಾರದ ತುದಿಯನ್ನು ಪಾದದಡಿ ಮೆಟ್ಟಿ ಮೇಲಕ್ಕೆ ಎಳೆದು ಹಿಡಿದರೆ ಅದುರು ಗಣನೀಯವಾಗಿ ಕಡಮೆಯಾಗುತ್ತದೆ. ದಾರ ಭಾರವನ್ನು ಹೊರದು, ನಿಜ; ಆದರೆ ಹಗುರವಾದ ಕ್ಯಾಮೆರಾಕ್ಕೂ ಹಿಡಿಕೆಯಲ್ಲಿ ಕೂರಿಸಿದ ಮೊಬೈಲಿಗೂ ಅದು ಧಾರಾಳವಾಗಿ ಸಾಲುತ್ತದೆ.

ಆದುದರಿಂದ ನನ್ನ ಸಲಹೆ ಇಷ್ಟು. ಕಾಲೇಜಿನ ಕ್ರೀಡಾವಿಭಾಗವು ಚೆಂಡು, ಬ್ಯಾಟು, ಬಲೆಗಳೊಂದಿಗೆ ಬಾಗುವ ತಲೆಯುಳ್ಳ ಎರಡು ಮಾನೋಪಾಡುಗಳನ್ನೂ ಕೊಂಡು ಇಡಲಿ. ಗ್ರಂಥಾಲಯದ ಪುಸ್ತಕದಂತೆ ಅವನ್ನು ರಿಜಿಸ್ಟರಿನಲ್ಲಿ ಬರೆದು ವಿದ್ಯಾರ್ಥಿಗಳಿಗೆ ಕೊಡಲಿ. ಅಭ್ಯಾಸ ಪಂದ್ಯಗಳಿಗೆ ಒಬ್ಬ ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿನಿ ಕ್ಯಾಮೆರಾ ಹಿಡಿದು ಬರಲಿ. ಪಂದ್ಯದ ದಿನ ಮಾತ್ರ ಬಂದವರಿಗೆ ಆಟದ ಲಯ ತಿಳಿಯುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಸಾಲಾಗಿ ನಿಂತವರ ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಅದರ ಎದುರಿನ ಪುಟವನ್ನು ಆಟಕ್ಕೆ ಬಿಟ್ಟುಕೊಡಬೇಕೆಂದು ಸಂಪಾದಕ ಮಂಡಲಿಯವರಲ್ಲಿ ವಿನಂತಿಸುತ್ತೇನೆ. ನಮ್ಮ ಹುಡುಗಿಯರ ತಂಡದ ಗೋಲ್‌ಕೀಪರ್ ಚೆಂಡಿಗೆ ಅಡ್ಡ ಬಿದ್ದುದು, ಕಾಲೇಜಿನ ಓಟಗಾರ ಕೊನೆಯ ಗೆರೆಗೆ ಎದೆ ಚಾಚಿದುದು ಆ ಪುಟದಲ್ಲಿ ಅಚ್ಚಾಗಲಿ. ಕೆಳಗೆ ಅವರ ಹೆಸರೂ, ತೆಗೆದವರ ಹೆಸರೂ ಇರಲಿ.